ವಿಮಾನ ಕಾರ್ಖಾನೆಯ ಕನಸು ಕಂಡ ವಾಲಚಂದ ಹೀರಾಚಂದರು

ಮುಂಬಯಿಯಲ್ಲಿ ವಾಸಿಸುವ ನಮಗೆ ವಿಮಾನವೆಂಬುದು ಅಪೂರ್ವ ವಸ್ತುವಲ್ಲ. ಕುರ್ಲಾ, ಘಾಟಕೋಪರಗಳ ಕಡೆಯ ಶಾಲೆಗಳಲ್ಲಿ ಪಾಠ ನಡೆಯುತ್ತಿರುವಾಗ ತಲೆಯ ಮೇಲೆ ವಿಮಾನವು ಗುಡುಗುತ್ತ ಸಾಗಿದರೆ ಉಪಾಧ್ಯಾಯರು ಒಂದು ಕ್ಷಣ ಮಾತು ನಿಲ್ಲಿಸುತ್ತಾರೆ. ಸದ್ದು ಅಡಗಿದೊಡನೆ ಪಾಠ ಮುಂದುವರಿಯುತ್ತದೆ. ಆ ವಿಮಾನವು ಎಲ್ಲಿಗೆ ಹೋಗುತ್ತಿರಬಹುದೆಂದು ನಾವು ಊಹಿಸುವುದುಂಟು. ಆದರೆ ಅದನ್ನು ಕಟ್ಟಿದವರು ಯಾರೆಂದು ಕೇಳಿಕೊಳ್ಳುವುದು ಅಪರೂಪ.

೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ತಾತಾ ಅವರು ಕರಾಚಿಯಿಂದ ಅಂಚೆಯ ಚೀಲಗಳನ್ನು ಹೊತ್ತು ವಿಮಾನ ನಡೆಸಿಕೊಂಡು ಬಂದು ನಮ್ಮ ಜುಹೂವಿನಲ್ಲಿ ಇಳಿದರು. ಅದು ಭಾರತೀಯರೆಲ್ಲ ಹೆಮ್ಮೆಪಡಬೇಕಾದ ದಿನವೇ ಸರಿ. ಆದರೆ ಅವರು ನಡೆಸಿದ ವಿಮಾನವು ಇಂಗ್ಲೆಂಡಿನಲ್ಲಿ ತಯಾರಾದುದು. ವಿಮಾನವನ್ನು ಹಾರಿಸಲು ಕಲಿಯುವುದು ಒಂದು ವಿದ್ಯೆ. ವಿಮಾನವನ್ನು ಕಟ್ಟಲು ಕಲಿಯುವುದು ಇನ್ನೊಂದು ವಿದ್ಯೆ. ಈ ಎರಡನೆಯ ವಿದ್ಯೆಯೂ ನಮ್ಮ ದೇಶಕ್ಕೆ ಬರಬೇಕೆಂದು ಹಟ ಹಿಡಿದು ದುಡಿದ ಮಹನೀಯರಲ್ಲಿ ಮುಂಬಯಿಯ ಉದ್ಯಮಿ ವಾಲಚಂದ ಹೀರಾಚಂದರು ಮೊದಲಿಗರು. ಅವರ ಜೀವನವೃತ್ತಾಂತವನ್ನು ಸಂಕ್ಷೇಪವಾಗಿ ತಿಳಿದುಕೊಳ್ಳೋಣ.

ವಾಲಚಂದರು ಜನಿಸಿದ್ದು ೧೮೮೨ರ ನವೆಂಬರ್ ೨೩ರಂದು, ಶಿವಯೋಗಿ ಸಿದ್ಧರಾಮರ ಸೊಲ್ಲಾಪುರದಲ್ಲಿ. ಕನ್ನಡ, ಮರಾಠಿ, ತೆಲುಗು ಮೂರೂ ಭಾಷೆಗಳು ಬೀದಿಯಲ್ಲಿ ಕೇಳಿಬರುವ ಊರು ಅದು. ಗುಜರಾತದ ಕಡೆಯಿಂದ ಬಂದು ಅಲ್ಲಿ ನೆಲೆಸಿದ್ದ ಜೈನ ವರ್ತಕರ ಮನೆತನ ಅವರದು. ತಂದೆ ಹೀರಾಚಂದ ನೇಮಚಂದರು ಊರಿನಲ್ಲಿ ಗಣ್ಯರು. ಮಗನು ಮುಂಬಯಿ ಮತ್ತು ಪುಣೆಗಳ ಕಾಲೇಜುಗಳಲ್ಲಿ ಓದಿದನಾದರೂ ಪದವಿಯನ್ನು ಪಡೆಯಲಿಲ್ಲ. ಮನೆತನದ ವ್ಯಾಪಾರಕ್ಕೆ ಮರಳಿದ ಆ ತರುಣನಿಗೆ ಗಾದಿಯ ಮೇಲೆ ಕುಳಿತು ಹತ್ತಿಯ ಧಾರಣೆಯನ್ನೂ ಬಡ್ಡಿಯನ್ನೂ ಲೆಕ್ಕ ಹಾಕುವುದರಲ್ಲಿ ಮನಸ್ಸು ನಿಲ್ಲಲಿಲ್ಲ. ಏನನ್ನಾದರೂ ಕಟ್ಟಬೇಕು, ಅದು ಕಣ್ಣಿಗೆ ಕಾಣುವಂತೆ ನಿಲ್ಲಬೇಕು ಎಂಬುದೇ ಅವರ ಹಂಬಲ.

ರೇಲ್ವೆಯ ಗುಮಾಸ್ತರಾಗಿದ್ದ ಲಕ್ಷ್ಮಣರಾವ ಫಾಟಕ ಎಂಬವರೊಡನೆ ಪಾಲುಗಾರಿಕೆ ಮಾಡಿಕೊಂಡು ವಾಲಚಂದರು ಬಾರ್ಶಿಯ ಚಿಕ್ಕ ರೈಲುಮಾರ್ಗದ ಗುತ್ತಿಗೆಯಿಂದ ತಮ್ಮ ಕೆಲಸವನ್ನು ಆರಂಭಿಸಿದರು. ಕಾಲಕ್ರಮದಲ್ಲಿ ಅವರ ಕೈಗೆ ಬಂದ ಕೆಲಸಗಳು ಬೆಟ್ಟದಷ್ಟು ದೊಡ್ಡವು. ಪುಣೆಗೆ ರೈಲಿನಲ್ಲಿ ಹೋಗುವಾಗ ಬೋರಘಾಟದಲ್ಲಿ ಒಂದರ ಹಿಂದೊಂದು ಸುರಂಗಗಳು ಬರುತ್ತವಲ್ಲವೆ? ೧೯೨೦ರ ದಶಕದಲ್ಲಿ ಆ ಘಟ್ಟದಲ್ಲಿ ಹೊಸ ಮಾರ್ಗಕ್ಕಾಗಿ ಸುರಂಗಗಳನ್ನು ಕೊರೆಯಿಸಿದವರಲ್ಲಿ ವಾಲಚಂದರು ಪ್ರಮುಖರು. ತಾನಸಾ ಸರೋವರದಿಂದ ಮುಂಬಯಿಗೆ ನೀರು ತರುವ ದೊಡ್ಡ ಕೊಳವೆಗಳನ್ನು ಹಾಕಿಸುವ ಕೆಲಸವನ್ನೂ ಅವರು ಮಾಡಿಸಿದರು. ೧೯೨೬ರಲ್ಲಿ ಹಿಂದುಸ್ಥಾನ ಕನ್‌ಸ್ಟ್ರಕ್ಷನ್ ಕಂಪನಿಯು ಸ್ಥಾಪನೆಯಾಯಿತು. ದೊಡ್ಡ ಕೆಲಸವೆಲ್ಲ ವಿಲಾಯತಿಯ ಗುತ್ತಿಗೆದಾರರಿಗೇ ಮೀಸಲೆಂದು ನಂಬಿದ್ದ ಕಾಲವದು. ಆ ನಂಬಿಕೆಯನ್ನು ಅವರು ವಾದದಿಂದ ಅಲ್ಲ, ಕೆಲಸದಿಂದ ಅಳಿಸಿದರು.

ಅಷ್ಟರಲ್ಲಿಯೇ ಅವರ ದೃಷ್ಟಿಯು ಸಮುದ್ರದ ಮೇಲೆ ಬಿದ್ದಿತ್ತು. ನಮ್ಮ ಹತ್ತಿ, ನಮ್ಮ ಅಕ್ಕಿ, ನಮ್ಮ ಪ್ರಯಾಣಿಕರು. ಆದರೆ ಹೊತ್ತೊಯ್ಯುವ ಹಡಗು ಮಾತ್ರ ಪರರದು. ೧೯೧೯ರಲ್ಲಿ ವಾಲಚಂದರೂ ನರೋತ್ತಮ ಮೊರಾರಜಿ ಮೊದಲಾದ ಮಿತ್ರರೂ ಕೂಡಿ ಗ್ವಾಲಿಯರ್ ಮಹಾರಾಜರಿಂದ ಲಾಯಲ್ಟಿ ಎಂಬ ಹಡಗನ್ನು ಕೊಂಡು ಸಿಂಧಿಯಾ ನೌಕಾಕಂಪನಿಯನ್ನು ಕಟ್ಟಿದರು. ಆ ವರ್ಷದ ಏಪ್ರಿಲ್ ೫ರಂದು ಲಾಯಲ್ಟಿಯು ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟಿತು. ಇಂದಿಗೂ ಏಪ್ರಿಲ್ ೫ ನಮ್ಮ ರಾಷ್ಟ್ರೀಯ ನೌಕಾಯಾನ ದಿನ. ಬ್ರಿಟಿಷ್ ಕಂಪನಿಗಳು ಸಾಗಣೆಯ ದರವನ್ನು ಇಳಿಸಿ ಇಳಿಸಿ ಈ ಹೊಸ ಸಂಸ್ಥೆಯ ಉಸಿರು ಕಟ್ಟಿಸಲು ನೋಡಿದವು. ಕಂಪನಿಯನ್ನೇ ಕೊಂಡುಬಿಡಲೂ ಮುಂದಾದವು. ವಾಲಚಂದರು ಮಾರಲಿಲ್ಲ. ಕೊಂಡ ಹಡಗಿನಿಂದ ವ್ಯಾಪಾರ ನಡೆಯಬಹುದು, ಆದರೆ ಹಡಗು ಕಟ್ಟುವವನ ಮರ್ಜಿಯಿಂದ ಬಿಡುಗಡೆಯಿಲ್ಲ ಎಂಬ ಪಾಠವನ್ನು ಅವರು ಈ ಹೋರಾಟದಲ್ಲಿ ಕಲಿತರು. ಮುಂದೆ ವಿಮಾನದ ಮಾತು ಬಂದಾಗ ಅವರಿಗೆ ದಾರಿ ತೋರಿದ್ದು ಈ ಪಾಠವೇ.

೧೯೩೯ರಲ್ಲಿ ಅವರು ಅಮೆರಿಕೆಗೆ ಹೋದರು. ಭಾರತದಲ್ಲಿ ಮೋಟಾರು ಕಾರುಗಳನ್ನು ತಯಾರಿಸುವ ಬಗೆಯನ್ನು ವಿಚಾರಿಸುವುದೇ ಆ ಪ್ರಯಾಣದ ಉದ್ದೇಶ. ಮರಳುವಾಗ ಪೆಸಿಫಿಕ್ ಸಾಗರವನ್ನು ದಾಟುವ ವಿಮಾನದಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕದ ಉದ್ಯಮಿಯ ಪರಿಚಯವಾಯಿತು. ಪಾಲಿಯು ಚೀನದಲ್ಲಿ ವಿಮಾನಗಳ ಕಾರ್ಖಾನೆಯನ್ನು ನಡೆಸುತ್ತಿದ್ದವನು. ಜಪಾನೀಯರ ದಾಳಿಯಿಂದಾಗಿ ಅದನ್ನು ಊರಿಂದೂರಿಗೆ ಸಾಗಿಸುತ್ತ ಬಂದಿದ್ದವನು. ಬಾಂಬು ಬೀಳುವ ಚೀನದಲ್ಲಿ ವಿಮಾನ ತಯಾರಾಗುವುದಾದರೆ ಭಾರತದಲ್ಲೇಕೆ ಆಗಬಾರದು? ಕಾರಿನ ಯೋಚನೆಯೊಡನೆ ಹೊರಟವರು ವಿಮಾನದ ಯೋಜನೆಯೊಡನೆ ಮನೆಗೆ ಮರಳಿದರು.

ಆದರೆ ಭಾರತವು ಆಗ ಪರಾಧೀನ ದೇಶ. ಸರಕಾರದ ಒಪ್ಪಿಗೆಯಿಲ್ಲದೆ, ಅದರ ಬೇಡಿಕೆಯ ಭರವಸೆಯಿಲ್ಲದೆ ವಿಮಾನದ ಕಾರ್ಖಾನೆ ನಿಲ್ಲಲಾರದು. ಯುದ್ಧ ಆರಂಭವಾಗಿದ್ದರೂ ಬ್ರಿಟಿಷ್ ಅಧಿಕಾರಿಗಳು ಮೊದಲು ಆಸಕ್ತಿ ತೋರಲಿಲ್ಲ. ೧೯೪೦ರ ಬೇಸಗೆಯಲ್ಲಿ ಫ್ರಾನ್ಸ್ ದೇಶವು ಶರಣಾಗಿ, ಇಂಗ್ಲೆಂಡಿನ ಕಾರ್ಖಾನೆಗಳಿಗೆ ತಮ್ಮ ದೇಶದ ರಕ್ಷಣೆಯೇ ಭಾರವಾದಾಗ ಅವರ ಮನಸ್ಸು ಬದಲಾಯಿತು. ಇನ್ನುಳಿದ ಪ್ರಶ್ನೆ ಸ್ಥಳದ್ದು.

ಇಲ್ಲಿ ಕನ್ನಡ ನಾಡು ಕಥೆಯೊಳಕ್ಕೆ ಬರುತ್ತದೆ. ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು ಯೋಜನೆಯನ್ನು ಉತ್ಸಾಹದಿಂದ ಬರಮಾಡಿಕೊಂಡರು. ಸಂಸ್ಥಾನವು ಬೆಂಗಳೂರಿನ ಪೂರ್ವಕ್ಕೆ ಸುಮಾರು ೭೦೦ ಎಕರೆ ಭೂಮಿಯನ್ನು ಕೊಟ್ಟು, ೨೫ ಲಕ್ಷ ರೂಪಾಯಿಗಳ ಬಂಡವಾಳವನ್ನೂ ಹೂಡಿತು. ಅಲ್ಲಿ ಭೂಮಿಗಿಂತ ಹೆಚ್ಚಿನ ಅನುಕೂಲಗಳಿದ್ದವು. ಶಿವನಸಮುದ್ರದ ವಿದ್ಯುತ್ತು ಇತ್ತು. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಇತ್ತು. ನಮ್ಮ ಮುಂಬಯಿಯ ಜಮಶೇಟಜಿ ತಾತಾ ಅವರ ದಾನದಿಂದ ಹುಟ್ಟಿದ ವಿಜ್ಞಾನ ಮಂದಿರವಿತ್ತು. ಶತ್ರುವಿನ ಹಡಗುಗಳಿಗೆ ಎಟುಕದ ಎತ್ತರದ ನೆಲವೂ ಹಿತವಾದ ಹವೆಯೂ ಇದ್ದವು. ಕಾರ್ಖಾನೆಯು ಬರಿಯ ಹಣದಿಂದ ಹುಟ್ಟುವುದಿಲ್ಲ. ಅದಕ್ಕೆ ಮುಂಚೆ ಹತ್ತಾರು ವರ್ಷಗಳ ಕಾಲ ಯಾರೋ ಬಿತ್ತಿರಬೇಕು.

೧೯೪೦ರ ಡಿಸೆಂಬರ್ ೨೩ರಂದು ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯು ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಯಂತ್ರಗಳೂ ತಜ್ಞರೂ ಅಮೆರಿಕೆಯಿಂದ ಬಂದರು. ೧೯೪೧ರ ಮಾರ್ಚಿಯಲ್ಲಿ ಭಾರತ ಸರಕಾರವು ಮೂರನೆಯ ಒಂದು ಪಾಲನ್ನು ಕೊಂಡು ಒಡೆತನದಲ್ಲಿ ಸೇರಿಕೊಂಡಿತು. ವಿಮಾನವೆಂದರೆ ಮೂಲೆಯ ಕಮ್ಮಾರಸಾಲೆಯಲ್ಲಿ ಆಗುವ ಕೆಲಸವಲ್ಲ. ತೆಳುವಾದ ಅಲ್ಯೂಮಿನಿಯಂ ತಗಡನ್ನು ಅಳತೆ ತಪ್ಪದಂತೆ ಬಾಗಿಸಬೇಕು, ಸಾವಿರಾರು ರಿವೆಟುಗಳಿಂದ ಬಿಗಿಯಬೇಕು. ಅವು ಸಡಿಲವಾದರೆ ಪ್ರಾಣಕ್ಕೆ ಅಪಾಯ. ಇಂಥ ಕೆಲಸವನ್ನು ಕಂಡೇ ಇರದ ತರುಣರು ಅದನ್ನು ಕಲಿತರು. ೧೯೪೧ರ ಆಗಸ್ಟಿನಲ್ಲಿ, ಕಂಪನಿ ಹುಟ್ಟಿ ಒಂದು ವರ್ಷವೂ ತುಂಬುವ ಮೊದಲೇ, ಹಾರ್ಲೋ ಎಂಬ ತರಬೇತಿಯ ವಿಮಾನವು ಅಲ್ಲಿಂದ ಹಾರಿತು. ೧೯೪೨ರ ಜುಲೈಯಲ್ಲಿ ಹಾಕ್ ಎಂಬ ಯುದ್ಧವಿಮಾನವೂ ಹಾರಿತು. ಅವುಗಳ ನಕ್ಷೆ ಅಮೆರಿಕದ್ದು, ಭಾಗಗಳೂ ಬಹುಮಟ್ಟಿಗೆ ಅಲ್ಲಿಂದಲೇ ಬಂದವು ಎಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಮಗು ಅಕ್ಷರವನ್ನು ತಿದ್ದಿಯೇ ಬರೆಯಲು ಕಲಿಯುತ್ತದೆ.

ಆದರೆ ಎರಡನೆಯ ವಿಮಾನವು ಹಾರುವ ವೇಳೆಗೆ ಕಾರ್ಖಾನೆಯು ವಾಲಚಂದರ ಕೈಯಲ್ಲಿ ಉಳಿದಿರಲಿಲ್ಲ. ಸಿಂಗಾಪುರವು ಜಪಾನೀಯರ ವಶವಾಗಿ, ಬರ್ಮಾದಲ್ಲಿ ಅವರು ಮುನ್ನುಗ್ಗುತ್ತಿದ್ದ ಸಮಯವದು. ೧೯೪೨ರ ಏಪ್ರಿಲಿನಲ್ಲಿ ಸರಕಾರವು ಯುದ್ಧದ ಅಗತ್ಯವನ್ನು ಮುಂದಿಟ್ಟು ವಾಲಚಂದರ ಪಕ್ಷದವರ ಷೇರುಗಳಿಗೆ ಬೆಲೆ ಕೊಟ್ಟು ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಹೊಸ ವಿಮಾನ ಕಟ್ಟುವ ಕೆಲಸವು ಹಿಂದೆ ಬಿದ್ದು, ರಿಪೇರಿಯೇ ಮುಖ್ಯವಾಯಿತು. ೧೯೪೩ರಲ್ಲಿ ಅದು ಅಮೆರಿಕದ ವಾಯುಪಡೆಯ ಉಸ್ತುವಾರಿಗೆ ಹೋಯಿತು. ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲೀನಾ ವಿಮಾನಗಳು ಸಮೀಪದ ಬೆಳ್ಳಂದೂರು ಕೆರೆಯಲ್ಲಿ ಇಳಿದು ದುರಸ್ತಿಗೆ ಬರುತ್ತಿದ್ದವು. ತಾವು ನೆಟ್ಟ ಸಸಿಯು ಮೊದಲ ಚಿಗುರು ಬಿಡುವಾಗಲೇ ಪರರ ಹಿತ್ತಲಿಗೆ ಸೇರಿದರೆ ನೆಟ್ಟವರಿಗೆ ಎಷ್ಟು ನೋವಾದೀತೆಂದು ನಾವೇ ಊಹಿಸಿಕೊಳ್ಳಬಹುದು.

ಹಾಗಾದರೆ ಅವರ ಶ್ರಮ ವ್ಯರ್ಥವಾಯಿತೆ? ಇಲ್ಲ. ಒಡೆಯರು ಬದಲಾದರು, ಕಲಿತ ಕೈಗಳು ಬೆಂಗಳೂರಿನಲ್ಲಿಯೇ ಉಳಿದವು. ಪರರ ವಿಮಾನಗಳನ್ನು ಬಿಚ್ಚಿ ಜೋಡಿಸಿದವರಿಗೆ ಅವುಗಳ ಮರ್ಮ ತಿಳಿಯಿತು. ೧೯೪೨ರ ಕೊನೆಯಲ್ಲಿ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗವು ತೆರೆಯಿತು. ಜರ್ಮನಿಯ ಗ್ಯೋಟಿಂಗೆನ್ನಿನಲ್ಲಿ ಕಲಿತು ಬಂದ ವಿಷ್ಣು ಮಾಧವ ಘಾಟಗೆ ಅವರ ನೇತೃತ್ವದಲ್ಲಿ ನಮ್ಮವರೇ ನಕ್ಷೆ ಬರೆದ ಎಚ್. ಟಿ. ೨ ಎಂಬ ತರಬೇತಿಯ ವಿಮಾನವು ೧೯೫೧ರಲ್ಲಿ ಹಾರಿತು. ೧೯೬೧ರಲ್ಲಿ ಮಾರುತ ಎಂಬ ಜೆಟ್ ಯುದ್ಧವಿಮಾನವೂ ಹಾರಿತು; ಅದರ ವಿನ್ಯಾಸಕ್ಕೆ ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ತಜ್ಞರ ಮುಂದಾಳುತನವಿತ್ತು. ೧೯೬೪ರಲ್ಲಿ ಹಳೆಯ ಕಂಪನಿಯು ಹಿಂದುಸ್ಥಾನ್ ಏರೊನಾಟಿಕ್ಸ್ ಎಂಬ ದೊಡ್ಡ ಸಂಸ್ಥೆಯಲ್ಲಿ ಸೇರಿತು. ಪೈಲಟ್ ಇಲ್ಲದೆ ಹಾರುವ ಲಕ್ಷ್ಯ ವಿಮಾನವನ್ನೂ, ೨೦೦೧ರಲ್ಲಿ ಮೊದಲ ಸಲ ಹಾರಿದ ತೇಜಸ್ ವಿಮಾನವನ್ನೂ ತಯಾರಿಸಿದ್ದು ಇದೇ ಸಂಸ್ಥೆ.

ಆದರೂ ಪಾಠ ಮುಗಿದಿಲ್ಲ. ಮಾರುತಕ್ಕೆ ತಕ್ಕ ಬಲವುಳ್ಳ ಎಂಜಿನು ಕೊನೆಗೂ ದೊರೆಯಲಿಲ್ಲ. ಆದುದರಿಂದ ಅದು ತನ್ನ ಪೂರ್ಣ ವೇಗವನ್ನು ಕಾಣಲೇ ಇಲ್ಲ. ತೇಜಸ್ ವಿಮಾನವು ಹಾರುವುದೂ ಅಮೆರಿಕದ ಎಂಜಿನಿನಿಂದಲೇ. ರೆಕ್ಕೆ ನಮ್ಮದು, ಹೃದಯ ಪರರದು. ಲಾಯಲ್ಟಿ ಹಡಗಿನ ಕಾಲದಲ್ಲಿ ವಾಲಚಂದರನ್ನು ಕಾಡಿದ ಚಿಂತೆಯು ಇಂದಿಗೂ ಪೂರ್ತಿ ತೀರಿಲ್ಲವೆಂಬುದನ್ನು ನಾವು ಪ್ರಾಂಜಲವಾಗಿ ಒಪ್ಪಿಕೊಳ್ಳಬೇಕು.

ಕಾರ್ಖಾನೆಯನ್ನು ಕಳೆದುಕೊಂಡ ವಾಲಚಂದರು ಕೈಕಟ್ಟಿ ಕೂಡಲಿಲ್ಲ. ವಿಶಾಖಪಟ್ಟಣದಲ್ಲಿ ೧೯೪೧ರಲ್ಲಿ ಅಡಿಗಲ್ಲು ಇಡಿಸಿದ್ದ ಹಡಗುಕಟ್ಟೆಯಿಂದ ೧೯೪೮ರಲ್ಲಿ ಜಲಉಷಾ ಎಂಬ ಹಡಗು ನೀರಿಗಿಳಿಯಿತು. ಮೋಟಾರಿನ ಹಳೆಯ ಕನಸು ೧೯೪೪ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯಾಗಿ ನಮ್ಮ ಕುರ್ಲಾದಲ್ಲಿ ರೂಪುಗೊಂಡಿತು. ಅವರು ಸಂತರಾಗಿರಲಿಲ್ಲ, ಲಾಭ ನಷ್ಟಗಳ ಲೆಕ್ಕ ಬಲ್ಲ ವ್ಯಾಪಾರಿ. ಒಂದು ಕೆಲಸ ಬೇರೂರುವ ಮುನ್ನವೇ ಇನ್ನೊಂದಕ್ಕೆ ಕೈಹಾಕುವ ಆತುರವೂ ಅವರಲ್ಲಿತ್ತು. ೧೯೪೯ರಲ್ಲಿ ಪಾರ್ಶ್ವವಾಯು ಬಡಿದು ಅವರ ಕೆಲಸ ನಿಂತಿತು. ಪತ್ನಿ ಕಸ್ತೂರಬಾಯಿಯವರು ಆ ದಿನಗಳಲ್ಲಿ ಅವರಿಗೆ ಊರೆಗೋಲಾದರು. ೧೯೫೩ರ ಏಪ್ರಿಲ್ ೮ರಂದು ಗುಜರಾತದ ಸಿದ್ಧಪುರದಲ್ಲಿ ಅವರು ಕಾಲವಾದರು.

ಕುರ್ಲಾದ ಆ ಕಂಪನಿಯ ಪದ್ಮಿನಿ ಕಾರೇ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದಶಕಗಳ ಕಾಲ ಓಡಿತು. ೨೦೨೩ರ ಅಕ್ಟೋಬರಿನಲ್ಲಿ ಅದು ನಮ್ಮ ರಸ್ತೆಗಳಿಂದ ಮರೆಯಾಯಿತು. ಬೆಂಗಳೂರಿನ ಕಾರ್ಖಾನೆಯಾದರೋ ಇಂದಿಗೂ ನಡೆಯುತ್ತಿದೆ. ಇಂದು ಮದುವೆಯ ಮಂಟಪದ ಮೇಲೆ, ಹೊಲಗದ್ದೆಗಳ ಮೇಲೆ ಪುಟ್ಟ ಡ್ರೋನುಗಳು ಹಾರುವುದನ್ನು ನಾವು ಕಾಣುತ್ತೇವೆ. ಅವುಗಳನ್ನು ಕೊಳ್ಳುವುದು ಸುಲಭ. ಬಿಚ್ಚಿ ನೋಡುವುದು, ಕೆಟ್ಟರೆ ಸರಿಪಡಿಸುವುದು, ಒಂದು ಭಾಗವನ್ನಾದರೂ ತಾನೇ ಮಾಡಿ ನೋಡುವುದು ಕಷ್ಟ. ಬೆಂಗಳೂರಿನ ತರುಣರು ರಿವೆಟು ಬಿಗಿಯುವುದರಿಂದ ಆರಂಭಿಸಿ ನಕ್ಷೆ ಬರೆಯುವವರೆಗೆ ನಡೆದದ್ದು ಈ ಕಷ್ಟದ ದಾರಿಯನ್ನೇ. ಮುಂದಿನ ಸಲ ಪಾಠದ ನಡುವೆ ವಿಮಾನದ ಸದ್ದು ಕೇಳಿ ಉಪಾಧ್ಯಾಯರು ಮಾತು ನಿಲ್ಲಿಸಿದಾಗ, ಅದರ ಎಂಜಿನನ್ನು ಕಟ್ಟಿದವರು ಯಾರೆಂದು ನಾವು ಅವರನ್ನು ಕೇಳೋಣ. ನಮ್ಮಲ್ಲಿ ಒಬ್ಬರಾದರೂ ಆ ಪ್ರಶ್ನೆಗೆ ಮುಂದೊಂದು ದಿನ ತಮ್ಮ ಕೆಲಸದಿಂದ ಉತ್ತರ ಕೊಟ್ಟರೆ ವಾಲಚಂದರ ಋಣವು ಸಂದಂತಾಗುವುದು.