ಸೋದರಿಯ ಹೆಸರಿನ ಆಸ್ಪತ್ರೆ

ನಮ್ಮೂರು ಕೃಷ್ಣರಾಜಪೇಟೆ. ಹಿಂದೆ ಇದಕ್ಕೆ ಅತ್ತಿಕುಪ್ಪೆ ಎಂಬ ಹೆಸರಿತ್ತಂತೆ. ಮೈಸೂರು ಅರಸರಲ್ಲಿ ಕೃಷ್ಣರಾಜ ಎಂಬ ಹೆಸರಿನವರು ನಾಲ್ವರು. ನಾನು ಹೇಳಹೊರಟಿರುವುದು ನಾಲ್ಕನೆಯವರಾದ ನಾಲ್ವಡಿ ಕೃಷ್ಣರಾಜ ಒಡೆಯರ ಬಗ್ಗೆ. ನಮ್ಮ ಮಂಡ್ಯ ಸೀಮೆಯಲ್ಲಿ ಕನ್ನಂಬಾಡಿ ಕಟ್ಟೆಯ ಮಾತು ಬಂದಾಗೆಲ್ಲ ಅವರ ಹೆಸರೂ ಬರುತ್ತದೆ. ಆದರೆ ನನಗೆ ಅವರು ಹತ್ತಿರವಾದದ್ದು ಕಾಯಿಲೆಯ ಕಾರಣಕ್ಕೆ.

ಏಳನೇ ತರಗತಿಯಲ್ಲಿದ್ದಾಗ ನನಗೆ ಟೈಪ್ ಒಂದು ಮಧುಮೇಹ ಇರುವುದು ಗೊತ್ತಾಯಿತು. ಅಂದಿನಿಂದ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತೇನೆ. ಇದು ವಾಸಿಯಾಗುವ ಕಾಯಿಲೆಯಲ್ಲ. ಬಂಧುಗಳು ಮನೆಗೆ ಬಂದಾಗ ಸಿಹಿ ಜಾಸ್ತಿ ತಿಂದಿರಬೇಕು ಎಂದು ಅವ್ವನನ್ನೇ ದೂರುತ್ತಿದ್ದರು. ಸಿಹಿ ತಿಂದು ಬರುವ ಕಾಯಿಲೆ ಇದಲ್ಲ ಎಂದು ಹೇಳಿ ಹೇಳಿ ಅವ್ವ ಸೋತಳು.

ಒಮ್ಮೆ ತಪಾಸಣೆಗೆಂದು ಅಪ್ಪನ ಜೊತೆ ಮೈಸೂರಿಗೆ ಹೋಗುವಾಗ ಕೆ.ಆರ್.ಎಸ್. ರಸ್ತೆಯಲ್ಲಿ ಪಿ.ಕೆ.ಟಿ.ಬಿ. ಆಸ್ಪತ್ರೆಯ ಬೋರ್ಡು ಕಂಡಿತು. ಟಿ.ಬಿ. ಗೊತ್ತು, ಪಿ.ಕೆ. ಏನು ಎಂದು ಕೇಳಿದೆ. ಅಪ್ಪನಿಗೂ ಗೊತ್ತಿರಲಿಲ್ಲ. ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಎಂಬುದರ ಚಿಕ್ಕ ರೂಪ ಅದು ಎಂದು ಆಮೇಲೆ ಕಾಲೇಜಿನ ಲೈಬ್ರರಿಯಲ್ಲಿ ತಿಳಿಯಿತು. ಆಕೆ ನಾಲ್ವಡಿಯವರ ಸೋದರಿ. ಅಲ್ಲಿಂದ ಮುಂದೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ.

ನಾಲ್ವಡಿಯವರು ಹುಟ್ಟಿದ್ದು 1884ರ ಜೂನ್ 4ರಂದು. ಹತ್ತು ವರ್ಷದವರಿದ್ದಾಗ, 1894ರ ಡಿಸೆಂಬರಿನಲ್ಲಿ, ತಂದೆ ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ಗಂಟಲುಮಾರಿ ರೋಗದಿಂದ ತೀರಿಕೊಂಡರು. ಅವರಿಗಿನ್ನೂ ಮೂವತ್ತೊಂದು ವರ್ಷ. ಆ ರೋಗಕ್ಕೆ ಔಷಧ ಯುರೋಪಿನ ಪ್ರಯೋಗಾಲಯಗಳಿಂದ ಆಗಷ್ಟೇ ಹೊರಬರುತ್ತಿದ್ದ ಕಾಲ ಅದು. ತಾಯಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ರಾಜ್ಯ ನಡೆಸಿದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಹುಡುಗನಾಗಿದ್ದ ಮಹಾರಾಜರು ರೋಗ ಎಂದರೆ ಏನು ಎಂಬುದನ್ನು ಅರಮನೆಯ ಒಳಗೂ ಹೊರಗೂ ಕಂಡೇ ಬೆಳೆದರು. 1902ರ ಆಗಸ್ಟ್ 8ರಂದು ಪೂರ್ಣಾಧಿಕಾರ ವಹಿಸಿಕೊಂಡರು.

ಮುಂದಿನ ಮೂವತ್ತೆಂಟು ವರ್ಷಗಳ ಆಳ್ವಿಕೆ ಎಲ್ಲರಿಗೂ ಗೊತ್ತಿರುವುದೇ. ಶಿವನಸಮುದ್ರದ ವಿದ್ಯುತ್ತು, ಕನ್ನಂಬಾಡಿ ಕಟ್ಟೆ, 1916ರ ಮೈಸೂರು ವಿಶ್ವವಿದ್ಯಾನಿಲಯ, ವಿಶ್ವೇಶ್ವರಯ್ಯ ಮತ್ತು ಮಿರ್ಜಾ ಇಸ್ಮಾಯಿಲ್‌ರಂಥ ದಿವಾನರು ಎಲ್ಲವನ್ನೂ ಶಾಲೆಯಲ್ಲಿ ಓದಿದ್ದೇವೆ. ನಾನು ಪಠ್ಯದಲ್ಲಿ ಓದದೇ ಇದ್ದದ್ದು ಅವರ ಮನೆಯ ದುಃಖ. ಕೃಷ್ಣಾಜಮ್ಮಣ್ಣಿಯವರು ಕ್ಷಯರೋಗದಿಂದ ತೀರಿಕೊಂಡರು. ಅವರ ಹೆಣ್ಣುಮಕ್ಕಳನ್ನೂ ಅದೇ ರೋಗ ಕೊಂಡೊಯ್ದಿತು. ರಾಜ್ಯದ ಒಳ್ಳೊಳ್ಳೆಯ ವೈದ್ಯರು ಅರಮನೆಯ ಬಾಗಿಲಲ್ಲೇ ಇದ್ದರು, ಹಣಕ್ಕೆ ಕೊರತೆ ಇರಲಿಲ್ಲ. ಆದರೂ ಉಳಿಸಿಕೊಳ್ಳಲಾಗಲಿಲ್ಲ. ಕ್ಷಯದ ರೋಗಾಣುವನ್ನು ಕಾಕ್ ಎಂಬ ಜರ್ಮನ್ ವೈದ್ಯ 1882ರಲ್ಲೇ ಕಂಡುಹಿಡಿದಿದ್ದರು. ಅದನ್ನು ಕೊಲ್ಲುವ ಮದ್ದು ಮಾತ್ರ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ.

ಆ ದುಃಖವನ್ನು ಅವರು ಅರಮನೆಯ ಒಳಗೇ ಇಟ್ಟುಕೊಳ್ಳಬಹುದಿತ್ತು. ಕ್ಷಯ ಬಂದ ಮನೆಯವರು ಅದನ್ನು ಮುಚ್ಚಿಡುತ್ತಿದ್ದ ಕಾಲ ಅದು. ರೋಗದ ಹೆಸರು ಹೊರಗೆ ಬಂದರೆ ಆ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ, ತರುತ್ತಿರಲಿಲ್ಲ. ನಾಲ್ವಡಿಯವರು ಮೈಸೂರಿನಲ್ಲಿ ಕ್ಷಯರೋಗಿಗಳಿಗೆಂದೇ ಆಸ್ಪತ್ರೆ ಕಟ್ಟಿಸಿ ಅದಕ್ಕೆ ಸೋದರಿಯ ಹೆಸರನ್ನೇ ಇಟ್ಟರು. ಅದು ಶುರುವಾದದ್ದು 1921ರಲ್ಲಿ. ಸಂಕೋಚದಿಂದ ಪಿಸುಮಾತಿನಲ್ಲಿ ಹೇಳುತ್ತಿದ್ದ ಕಾಯಿಲೆಯ ಜೊತೆಗೆ ರಾಜಕುಮಾರಿಯ ಹೆಸರು ಬೋರ್ಡಿನ ಮೇಲೆ ಬಂತು. ನನ್ನ ಮಟ್ಟಿಗೆ ಅವರು ಮಾಡಿದ ದೊಡ್ಡ ಕೆಲಸಗಳಲ್ಲಿ ಇದೂ ಒಂದು. ಸಕ್ಕರೆ ಕಾಯಿಲೆ ಇದೆ ಎಂದು ತರಗತಿಯಲ್ಲಿ ಹೇಳಿಕೊಳ್ಳಲು ನನಗೆ ಮೂರು ವರ್ಷ ಬೇಕಾಯಿತು.

1921ರ ಆ ಆಸ್ಪತ್ರೆಯಲ್ಲಿ ರೋಗಿಗೆ ಸಿಗುತ್ತಿದ್ದುದು ಗಾಳಿ, ಬಿಸಿಲು, ಒಳ್ಳೆಯ ಊಟ ಮತ್ತು ವಿಶ್ರಾಂತಿ. ಅದಕ್ಕಿಂತ ಹೆಚ್ಚಿನದನ್ನು ಅಂದು ಯಾರೂ ಕೊಡುವಂತಿರಲಿಲ್ಲ. ಕ್ಷಯಕ್ಕೆ ಮದ್ದಾಗಿ ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು 1943ರಲ್ಲಿ, ಮಹಾರಾಜರು ತೀರಿಕೊಂಡ ಮೂರು ವರ್ಷದ ಮೇಲೆ. ಆರೈಕೆಗೆ ಆಸ್ಪತ್ರೆ ಬೇಕು, ಮದ್ದಿಗೆ ಸಂಶೋಧನೆ ಬೇಕು. ಎರಡಕ್ಕೂ ಸರ್ಕಾರದ ಹಣ ಬೇಕು. ಅದೇ 1921ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದರು. ಮರುವರ್ಷ ಜನವರಿಯಲ್ಲಿ ಅದನ್ನು ಮೊದಲು ಚುಚ್ಚಿದ್ದು ಹದಿನಾಲ್ಕು ವರ್ಷದ ಹುಡುಗನಿಗೆ. ಅದಕ್ಕಿಂತ ಮೊದಲು ನನ್ನಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಯಾರೋ ಎಲ್ಲೋ ಪ್ರಯೋಗಾಲಯಕ್ಕೆ ಜಾಗ, ಹಣ ಕೊಟ್ಟದ್ದರಿಂದ ನಾನು ಇಂದು ಈ ಲೇಖನ ಬರೆಯುತ್ತಿದ್ದೇನೆ.

ನಾಲ್ವಡಿಯವರ ಕಾಲದ ಮೈಸೂರು ಈ ಎರಡನೆಯ ದಾರಿಯನ್ನೂ ಮರೆಯಲಿಲ್ಲ. ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಗೆ ರಾಜ್ಯ 371 ಎಕರೆ ಜಮೀನು ಕೊಟ್ಟಿತು, ಪ್ರತಿ ವರ್ಷ ಅನುದಾನವನ್ನೂ ಕೊಟ್ಟಿತು. 1911ರಲ್ಲಿ ಅದರ ಕಟ್ಟಡಕ್ಕೆ ಅಡಿಗಲ್ಲು ಹಾಕಿದವರು ನಾಲ್ವಡಿಯವರೇ. 1924ರಲ್ಲಿ ವೈದ್ಯಕೀಯ ಕಾಲೇಜು ಶುರುವಾಯಿತು. ನಾಲೆ ನೀರಿನ ಜೊತೆ ಮಲೇರಿಯಾ ಬಂದಾಗ, ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ತಜ್ಞರೊಡನೆ ಸೇರಿ ನಮ್ಮ ಮಂಡ್ಯದಲ್ಲೇ ಸೊಳ್ಳೆ ಮತ್ತು ರೋಗದ ಅಧ್ಯಯನ ನಡೆಯಿತು.

ಅವರನ್ನು ದೇವರು ಮಾಡಲು ನಾನು ಹೊರಟಿಲ್ಲ. ಖರ್ಚಾದದ್ದು ರೈತರ ಕಂದಾಯದ ಹಣವೇ. ಆ ಹಣದ ಮೇಲೆ ಜನರ ಮಾತು ನಡೆಯಬೇಕು ಎಂಬ ಬೇಡಿಕೆಯೂ ಬೆಳೆಯುತ್ತಿತ್ತು. 1938ರಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದದ್ದು ಅವರ ಕಾಲದಲ್ಲೇ. ಅರಸನ ಮನೆಗೆ ರೋಗ ಬಂದರೆ ಆಸ್ಪತ್ರೆ ಏಳುತ್ತದೆ, ಕೂಲಿಯವನ ಮನೆಗೆ ಬಂದರೆ ಯಾರು ಕೇಳುತ್ತಾರೆ ಎಂಬ ಪ್ರಶ್ನೆ ನನಗೂ ಬಂದಿದೆ.

ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ. 1940ರ ಮಾರ್ಚಿನಲ್ಲಿ ತಮ್ಮ ನರಸಿಂಹರಾಜ ಒಡೆಯರು ತೀರಿಕೊಂಡರು. ಅದೇ ವರ್ಷ ಆಗಸ್ಟ್ 3ರಂದು ಬೆಂಗಳೂರಿನಲ್ಲಿ ಇವರೂ ಹೃದಯಾಘಾತದಿಂದ ಹೋದರು. ಮುಂದೆ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಬೆಂಗಳೂರಿನಲ್ಲೇ ಹುಟ್ಟಿತು. ಹಳ್ಳಿಯ ರೋಗಿಗೂ ಕ್ಷಯದ ಚಿಕಿತ್ಸೆ ತಲುಪಿಸುವ ರಾಷ್ಟ್ರೀಯ ಕಾರ್ಯಕ್ರಮ ಅಲ್ಲಿನ ಅಧ್ಯಯನಗಳಿಂದ ರೂಪುಗೊಂಡಿತು. ಇಂದು ಕ್ಷಯ ವಾಸಿಯಾಗುತ್ತದೆ.

ನನ್ನ ಕಾಯಿಲೆ ಇನ್ನೂ ಆ ಹಂತಕ್ಕೆ ಬಂದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2006ರಿಂದ ಎಳೆಯ ವಯಸ್ಸಿನ ಮಧುಮೇಹಿಗಳ ದಾಖಲೆ ಇಡುತ್ತಿದೆ. ಇಂಥ ಕೆಲಸ ಇನ್ನಷ್ಟು ಆಗಬೇಕು. ಈಗ ಅರಸರಿಲ್ಲ. ಬಜೆಟ್ ಮಾಡುವವರು ನಾವು ಓಟು ಹಾಕಿದವರು. ಅವರ ಮನೆಯಲ್ಲಿ ಕಾಯಿಲೆ ಬರಲಿ ಎಂದು ಕಾಯುವುದು ತಪ್ಪು. ನಮ್ಮ ಮನೆಯಲ್ಲಿರುವ ಕಾಯಿಲೆಯನ್ನು ನಾವೇ ಹೋಗಿ ಹೇಳಬೇಕು.

ಹೋದ ಗ್ರಾಮಸಭೆಯಲ್ಲಿ ನಾನು ಒಂದು ಅರ್ಜಿ ಕೊಟ್ಟೆ. ಮಕ್ಕಳ ಇನ್ಸುಲಿನ್ ನಮ್ಮ ತಾಲ್ಲೂಕಿನಲ್ಲೇ ತಪ್ಪದೆ ಸಿಗಬೇಕು, ಈ ಕಾಯಿಲೆಯ ಸಂಶೋಧನೆಗೆ ಸರ್ಕಾರ ಹಣ ಇಡಬೇಕು ಎಂದು ಮೇಲಿನವರಿಗೆ ತಿಳಿಸಿ ಎಂದು ಬರೆದಿದ್ದೆ. ಕೆಲವರು ನಕ್ಕರು. ಗ್ರಾಮಸಭೆಗೂ ಸಂಶೋಧನೆಗೂ ಏನು ಸಂಬಂಧ ಎಂದು ಒಬ್ಬರು ಕೇಳಿದರು. ಅರ್ಜಿಯ ಕೊನೆಯಲ್ಲಿ ನನ್ನ ಹೆಸರು, ಪಕ್ಕದಲ್ಲಿ ಕಾಯಿಲೆಯ ಹೆಸರು ಎರಡನ್ನೂ ಬರೆದು ಸಹಿ ಹಾಕಿದ್ದೆ. ಅವ್ವ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಬಂಧುಗಳ ಮುಂದೆ ತಲೆ ತಗ್ಗಿಸುತ್ತಿದ್ದವಳು ಅಂದು ಎದ್ದು ನಿಂತು, ಅರ್ಜಿ ಬಂದದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯುವ ತನಕ ಕೂರಲಿಲ್ಲ.