ವಿದ್ಯಾರ್ಥಿವೇತನದ ಋಣ ತೀರಿಸಿದ ವಿಶ್ವೇಶ್ವರಯ್ಯ

ಬೆಂಗಳೂರಿನಿಂದ ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದತ್ತ ಹೊರಟವರಿಗೆ ಎಡಗಡೆಯಲ್ಲಿ ನಂದಿ ಬೆಟ್ಟ ಕಾಣಿಸುತ್ತದೆ. ಬೆಟ್ಟದ ಒಂದು ಮಗ್ಗುಲಿಗೆ ದೊಡ್ಡಬಳ್ಳಾಪುರದ ಸೀಮೆ, ಇನ್ನೊಂದು ಮಗ್ಗುಲಿಗೆ ಮುದ್ದೇನಹಳ್ಳಿ. ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಈ ಹಳ್ಳಿಯಲ್ಲಿ. ಅವರ ಜನ್ಮದಿನವಾದ ಸೆಪ್ಟೆಂಬರ್ 15ರಂದು ನಾಡಿನೆಲ್ಲೆಡೆ ಎಂಜಿನಿಯರುಗಳ ದಿನವನ್ನು ಆಚರಿಸಲಾಗುತ್ತದೆ. ಕನ್ನಂಬಾಡಿ ಕಟ್ಟೆ, ಖಡಕ್‌ವಾಸ್ಲಾದ ಸ್ವಯಂಚಾಲಿತ ಬಾಗಿಲುಗಳು, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಮೈಸೂರು ಬ್ಯಾಂಕ್ ಇವೆಲ್ಲ ಭಾಷಣಗಳಲ್ಲಿ ಸ್ಮರಣೆಗೆ ಬರುತ್ತವೆ. ಆದರೆ ಕಾಲೇಜು ಮೆಟ್ಟಿಲು ಹತ್ತುವ ಬಡ ವಿದ್ಯಾರ್ಥಿಗೆ ಅವರ ಬದುಕಿನಲ್ಲಿ ಹೆಚ್ಚು ಹತ್ತಿರವಾಗಬೇಕಾದ ಅಧ್ಯಾಯವೊಂದಿದೆ. ಸ್ವಂತ ಹಣದಿಂದ ಓದಲಾರದ ಹುಡುಗನೊಬ್ಬ ಮನೆಪಾಠ ಹೇಳಿ ಪದವೀಧರನಾದದ್ದು, ಸರ್ಕಾರದ ವಿದ್ಯಾರ್ಥಿವೇತನ ಪಡೆದು ಎಂಜಿನಿಯರ್ ಆದದ್ದು, ಮುಂದೆ ಆ ಋಣವನ್ನು ನಾಡಿಗೆ ಹಿಂದಿರುಗಿಸಿದ್ದು ಆ ಅಧ್ಯಾಯದ ಕಥೆ.

ಬಡತನದ ಬಾಲ್ಯ

ವಿಶ್ವೇಶ್ವರಯ್ಯನವರು ಜನಿಸಿದ್ದು 1861ರಲ್ಲಿ. ಅವರ ಪೂರ್ವಿಕರು ಇಂದಿನ ಆಂಧ್ರಪ್ರದೇಶದ ಮೋಕ್ಷಗುಂಡಂ ಗ್ರಾಮದಿಂದ ವಲಸೆ ಬಂದವರು. ಊರಿನ ಹೆಸರು ಮನೆತನದ ಹೆಸರಾಗಿ ಉಳಿಯಿತು. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ತಾಯಿ ವೆಂಕಟಲಕ್ಷ್ಮಮ್ಮನವರು ದೈವಭಕ್ತೆ, ದೃಢಮನಸ್ಸಿನ ಗೃಹಿಣಿ. ಮನೆಯಲ್ಲಿ ವಿದ್ಯೆಗೆ ಗೌರವವಿತ್ತು, ಹಣವಿರಲಿಲ್ಲ. ಮಗ ಇನ್ನೂ ಶಾಲೆಯಲ್ಲಿ ಓದುತ್ತಿದ್ದಾಗಲೇ ತಂದೆ ತೀರಿಕೊಂಡರು.

ಚಿಕ್ಕಬಳ್ಳಾಪುರದಲ್ಲಿ ಪ್ರಾಥಮಿಕ ವಿದ್ಯಾಭ್ಯಾಸ ಮುಗಿಸಿದ ಬಾಲಕನಿಗೆ ಮುಂದಿನ ಓದಿಗೆ ಬೆಂಗಳೂರಿನ ದಾರಿ ಹಿಡಿಯದೆ ಗತ್ಯಂತರವಿರಲಿಲ್ಲ. ಆಗ ಆ ಮಾರ್ಗದಲ್ಲಿ ರೈಲು ಇರಲಿಲ್ಲ. ದೇವನಹಳ್ಳಿಯ ಮೇಲೆ ಹಾದು ಚಿಕ್ಕಬಳ್ಳಾಪುರವನ್ನು ಮುಟ್ಟಿದ ಕಿರು ರೈಲುಮಾರ್ಗ ಬಂದದ್ದು ಇದೇ ಬಾಲಕ ಬೆಳೆದು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ. ಬೆಂಗಳೂರಿನಲ್ಲಿ ಸೋದರಮಾವ ರಾಮಯ್ಯನವರ ಆಸರೆ ಸಿಕ್ಕಿತು. ಆದರೆ ಅವರೂ ಶ್ರೀಮಂತರೇನಲ್ಲ. ಅಳಿಯನ ಊಟಕ್ಕೆ ದಾರಿ ಮಾಡಬಲ್ಲವರಾಗಿದ್ದರೇ ಹೊರತು ಕಾಲೇಜಿನ ಶುಲ್ಕ, ಪುಸ್ತಕ, ಬಟ್ಟೆಬರೆಗಳ ಪೂರ್ಣ ಭಾರ ಹೊರುವುದು ಅವರ ಶಕ್ತಿಗೆ ಮೀರಿದ್ದಾಗಿತ್ತು.

ಮನೆಪಾಠದ ಸಂಪಾದನೆ

1858ರಲ್ಲಿ ಹೈಸ್ಕೂಲಾಗಿ ಆರಂಭವಾದ ಸಂಸ್ಥೆ 1875ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರು ಪಡೆದಿತ್ತು. ಮದ್ರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಈ ಕಾಲೇಜಿಗೆ ವಿಶ್ವೇಶ್ವರಯ್ಯನವರು ಸೇರಿದರು. ಖರ್ಚಿಗೆ ಅವರು ಕಂಡುಕೊಂಡ ದಾರಿ ಮನೆಪಾಠ. ಬೆಂಗಳೂರಿನಲ್ಲಿ ನೆಲೆಸಿದ್ದ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳುವ ಕೆಲಸ ಒದಗಿತು. ಅದೇ ಮನೆಯಲ್ಲಿ ತಂಗಲು ಜಾಗವೂ ದೊರೆಯಿತು. ಊಟಕ್ಕೆ ಮಾತ್ರ ಸೋದರಮಾವನ ಮನೆಗೆ ನಡೆದು ಹೋಗಬೇಕು, ಊಟ ಮುಗಿಸಿ ಮತ್ತೆ ನಡೆದು ಬರಬೇಕು. ಹೀಗೆ ಪಾಠ ಹೇಳುವ ಮನೆ, ಉಣ್ಣುವ ಮನೆ, ಓದುವ ಕಾಲೇಜು ಎಂಬ ಮೂರು ತಾಣಗಳ ನಡುವೆ ಅವರ ದಿನ ಹಂಚಿಹೋಗುತ್ತಿತ್ತು. ವೇಳೆಯ ವಿಷಯದಲ್ಲಿ ಅವರು ಜೀವನದುದ್ದಕ್ಕೂ ತೋರಿದ ಕಟ್ಟುನಿಟ್ಟಿನ ಬೇರು ಈ ದಿನಗಳಲ್ಲಿದ್ದರೆ ಆಶ್ಚರ್ಯವಿಲ್ಲ.

ಅವರ ವಿದ್ಯಾರ್ಥಿ ದೆಸೆಯ ಹಿನ್ನೆಲೆಯಲ್ಲಿ ನಾಡನ್ನೇ ನಡುಗಿಸಿದ ದುರಂತವೊಂದಿತ್ತು. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಭೀಕರ ಕ್ಷಾಮ ಕಾಡಿತು. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಮಳೆ ನಂಬಿ ಬದುಕುವ ಬಯಲುಸೀಮೆಯ ಹಳ್ಳಿಗಳಿಂದ ಹಸಿದ ಜನ ಗಂಜಿಕೇಂದ್ರಗಳನ್ನು ಅರಸಿ ಹೊರಟ ಕಾಲ ಅದು. ಅಂಥ ಕಾಲದಲ್ಲಿ ಹಳ್ಳಿಯ ಬಡ ಮನೆಯ ಹುಡುಗನೊಬ್ಬ ಓದು ಬಿಟ್ಟು ಸಣ್ಣ ನೌಕರಿ ಹಿಡಿದಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ವಿಶ್ವೇಶ್ವರಯ್ಯನವರು ಓದು ಬಿಡಲಿಲ್ಲ. 1881ರಲ್ಲಿ ಬಿ.ಎ. ಪರೀಕ್ಷೆಯಲ್ಲಿ ಉನ್ನತ ಸ್ಥಾನ ಪಡೆದು ಉತ್ತೀರ್ಣರಾದರು. ಗಣಿತದಲ್ಲಿ ಅವರಿಗಿದ್ದ ಹಿಡಿತವನ್ನು ಗಮನಿಸಿದ್ದ ಪ್ರಾಂಶುಪಾಲ ಚಾರ್ಲ್ಸ್ ವಾಟರ್ಸ್ ಅವರ ಮೆಚ್ಚುಗೆಯೂ ಬೆನ್ನಿಗಿತ್ತು.

ಸಾಲದಲ್ಲಿದ್ದ ಸರ್ಕಾರ ಕೊಟ್ಟ ವೇತನ

ಎಂಜಿನಿಯರಿಂಗ್ ಓದಬೇಕೆಂಬುದು ಅವರ ಹಂಬಲ. ಆದರೆ ಆಗ ಮೈಸೂರು ಸಂಸ್ಥಾನದಲ್ಲಿ ಎಂಜಿನಿಯರಿಂಗ್ ಕಾಲೇಜೇ ಇರಲಿಲ್ಲ. ಓದಬೇಕೆಂದರೆ ಮದ್ರಾಸು ಅಥವಾ ಮುಂಬಯಿ ಪ್ರಾಂತ್ಯಕ್ಕೆ ಹೋಗಬೇಕಿತ್ತು. ಪರಸ್ಥಳದ ವಾಸ, ಊಟ, ಶುಲ್ಕಗಳನ್ನು ಮನೆಪಾಠದ ಸಂಪಾದನೆ ತೂಗಲಾರದು. ಇಂಥ ಹೊತ್ತಿನಲ್ಲಿ ಮೈಸೂರು ಸರ್ಕಾರ ಅವರಿಗೆ ವಿದ್ಯಾರ್ಥಿವೇತನ ಮಂಜೂರು ಮಾಡಿತು. ಅವರು ಪುಣೆಯ ವಿಜ್ಞಾನ ಕಾಲೇಜನ್ನು ಸೇರಿದರು.

ಆ ವೇತನದ ಮಹತ್ವ ತಿಳಿಯಬೇಕಾದರೆ ಅದನ್ನು ಕೊಟ್ಟ ಸರ್ಕಾರದ ಸ್ಥಿತಿಯನ್ನೂ ತಿಳಿಯಬೇಕು. ಐವತ್ತು ವರ್ಷಗಳ ಬ್ರಿಟಿಷ್ ಆಡಳಿತದ ಬಳಿಕ 1881ರ ಮಾರ್ಚ್‌ನಲ್ಲಷ್ಟೇ ಸಂಸ್ಥಾನ ಮತ್ತೆ ಒಡೆಯರ ಕೈಸೇರಿತ್ತು. ದಿವಾನ ರಂಗಾಚಾರ್ಲು ಅವರಿಗೆ ಬಳುವಳಿಯಾಗಿ ಬಂದದ್ದು ಕ್ಷಾಮದಿಂದ ಬಡವಾದ ನಾಡು ಮತ್ತು ಸುಮಾರು 80 ಲಕ್ಷ ರೂಪಾಯಿಗಳ ಸಾಲ. ಆಡಳಿತದ ಖರ್ಚುಗಳನ್ನು ಕಡಿತಗೊಳಿಸುತ್ತಿದ್ದ ದಿನಗಳವು. ಅಂಥ ಬೊಕ್ಕಸದಿಂದಲೂ ಪ್ರತಿಭಾವಂತ ವಿದ್ಯಾರ್ಥಿಯ ಓದಿಗೆ ಹಣ ತೆಗೆದಿಟ್ಟದ್ದನ್ನು ದೂರದೃಷ್ಟಿ ಎಂದೇ ಕರೆಯಬೇಕು. ಆ ಹಣ ರೈತರ ಕಂದಾಯದಿಂದ ಬಂದದ್ದು. ಮಳೆಯಿಲ್ಲದೆ ಬಳಲಿದ್ದ ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರಗಳ ರೈತರದ್ದೂ ಅದರಲ್ಲಿ ಪಾಲಿತ್ತು.

ಪುಣೆಯಲ್ಲಿ ವಿಶ್ವೇಶ್ವರಯ್ಯನವರು ಆ ವೇತನವನ್ನು ಸಾರ್ಥಕಗೊಳಿಸಿದರು. 1883ರಲ್ಲಿ ಎಲ್.ಸಿ.ಇ. ಮತ್ತು ಎಫ್.ಸಿ.ಇ. ಪರೀಕ್ಷೆಗಳಲ್ಲಿ ಮುಂಬಯಿ ಪ್ರಾಂತ್ಯಕ್ಕೇ ಮೊದಲಿಗರಾದರು. ಜೇಮ್ಸ್ ಬರ್ಕ್ಲಿ ಬಹುಮಾನ ಅವರಿಗೆ ಸಂದಿತು. ಮೊದಲ ಸ್ಥಾನ ಗಳಿಸಿದ ವಿದ್ಯಾರ್ಥಿಗೆ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಹುದ್ದೆ ಕಾದಿತ್ತು. 1884ರಲ್ಲಿ ಸಹಾಯಕ ಎಂಜಿನಿಯರಾಗಿ ನಾಸಿಕದಲ್ಲಿ ವೃತ್ತಿ ಆರಂಭಿಸಿದರು.

ಕಾಲು ಶತಮಾನದ ಬಳಿಕ

ಇಲ್ಲೊಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಓದಿಸಿದ್ದು ಮೈಸೂರು, ದುಡಿಸಿಕೊಂಡದ್ದು ಮುಂಬಯಿ. ಸುಮಾರು 25 ವರ್ಷಗಳ ಕಾಲ ಅವರ ಪ್ರತಿಭೆ ಸಿಂಧ್‌ನ ಸುಕ್ಕೂರು, ಸೂರತ್, ಪುಣೆಗಳ ನೀರು ಪೂರೈಕೆ ಮತ್ತು ನೀರಾವರಿ ಕೆಲಸಗಳಿಗೆ ಸಂದಿತು. ಸಾಲದಲ್ಲಿದ್ದ ಸಂಸ್ಥಾನದ ಹಣ ಅನ್ಯರ ಪಾಲಾಯಿತೆಂದು ಲೆಕ್ಕ ಹಾಕುವವರು ಆಗ ಹಾಗೆ ಹೇಳಬಹುದಿತ್ತು. ವಿದ್ಯೆಗೆ ಹೂಡಿದ ಹಣದ ಲೆಕ್ಕವನ್ನು ಒಂದೆರಡು ವರ್ಷಗಳಲ್ಲಿ ಮುಗಿಸಲಾಗದು ಎಂಬುದನ್ನು ಮುಂದಿನ ಘಟನೆಗಳು ತೋರಿಸಿದವು.

1908ರಲ್ಲಿ ಮುಂಬಯಿ ಸೇವೆಯಿಂದ ಸ್ವಇಚ್ಛೆಯಿಂದ ನಿವೃತ್ತರಾದ ವಿಶ್ವೇಶ್ವರಯ್ಯನವರನ್ನು ಮೈಸೂರು ಮರಳಿ ಕರೆಯಿತು. 1909ರಲ್ಲಿ ಮುಖ್ಯ ಎಂಜಿನಿಯರಾದರು, 1912ರಲ್ಲಿ ದಿವಾನರಾದರು. ನಾಲ್ವಡಿ ಕೃಷ್ಣರಾಜ ಒಡೆಯರ ಬೆಂಬಲದೊಂದಿಗೆ ಆರು ವರ್ಷಗಳಲ್ಲಿ ಅವರು ಶಿಕ್ಷಣಕ್ಕಾಗಿ ಮಾಡಿದ ಕೆಲಸವನ್ನು ಅವರ ವಿದ್ಯಾರ್ಥಿ ಜೀವನದೊಂದಿಗೆ ಹೋಲಿಸಿ ನೋಡಬೇಕು. ಅವರು ಬೆಂಗಳೂರಿನಲ್ಲಿ ಓದಿದರೂ ಪದವಿಯನ್ನು ಮದ್ರಾಸು ವಿಶ್ವವಿದ್ಯಾನಿಲಯದಿಂದ ಪಡೆಯಬೇಕಾಗಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಎಂಜಿನಿಯರಿಂಗ್ ಓದಲು ಅವರು ಪುಣೆಗೆ ಹೋಗಬೇಕಾಗಿತ್ತು. 1917ರಲ್ಲಿ ಬೆಂಗಳೂರಿನಲ್ಲೇ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಇಂದು ಯುವಿಸಿಇ ಎಂದು ಪ್ರಸಿದ್ಧವಾಗಿರುವುದು ಅದೇ ಸಂಸ್ಥೆ. ಒಬ್ಬ ವಿದ್ಯಾರ್ಥಿಯನ್ನು ಪುಣೆಗೆ ಕಳಿಸಲು ಸರ್ಕಾರ ಮಾಡಿದ ವೆಚ್ಚ, ಮುಂದೆ ಸಾವಿರಾರು ವಿದ್ಯಾರ್ಥಿಗಳು ಪುಣೆಗೆ ಹೋಗುವ ಅಗತ್ಯವನ್ನೇ ತಪ್ಪಿಸಿತು.

ನಿವೃತ್ತಿಯ ನಂತರವೂ ಈ ಕಾಳಜಿ ಕುಂದಲಿಲ್ಲ. ಭದ್ರಾವತಿ ಕಾರ್ಖಾನೆಯ ಹೊಣೆ ಹೊತ್ತು ನಷ್ಟದಿಂದ ಮೇಲೆತ್ತಿದ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಮನೆಗೆ ಒಯ್ಯಲಿಲ್ಲ. ಯುವಕರಿಗೆ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಆ ಹಣ ವಿನಿಯೋಗವಾಗಲೆಂದು ಬಯಸಿದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಗೆ ತಮ್ಮ ಹೆಸರು ಬೇಡವೆಂದು ಮಹಾರಾಜರ ಹೆಸರನ್ನೇ ಇಡಿಸಿದರು. ಅದೇ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ, ಮುಂದಿನ ಎಸ್.ಜೆ. ಪಾಲಿಟೆಕ್ನಿಕ್.

ಪ್ರತಿಭೆಯೊಂದೇ ಸಾಕೆ?

ವಿಶ್ವೇಶ್ವರಯ್ಯನವರ ಬದುಕನ್ನು ಹೇಳುವಾಗ ಅವರು ದಿವಾನಗಿರಿ ತೊರೆದ ಪ್ರಸಂಗವನ್ನು ಮರೆಮಾಚುವಂತಿಲ್ಲ. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ತುಂಬಿರುವುದನ್ನು ಪ್ರಶ್ನಿಸಿ 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿಕೊಂಡಿತು. ಅಷ್ಟರಲ್ಲಾಗಲೇ ವೀರಶೈವ ಲಿಂಗಾಯತರು 1905ರಲ್ಲಿ ತಮ್ಮ ವಿದ್ಯಾನಿಧಿಯನ್ನೂ, ಒಕ್ಕಲಿಗರು 1906ರಲ್ಲಿ ತಮ್ಮ ಸಂಘವನ್ನೂ ಸ್ಥಾಪಿಸಿಕೊಂಡು ಹಳ್ಳಿಯ ಮಕ್ಕಳ ಓದಿಗೆ ನೆರವಾಗಲು ಮುಂದಾಗಿದ್ದರು. ಹಿಂದುಳಿದವರ ಬೇಡಿಕೆಯನ್ನು ಪರಿಶೀಲಿಸಲು ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಹಿಂದುಳಿದ ಸಮುದಾಯಗಳಿಗೆ ಶಿಕ್ಷಣ ಮತ್ತು ವಿದ್ಯಾರ್ಥಿವೇತನದ ಮೂಲಕ ನೆರವಾಗಬೇಕು, ಹುದ್ದೆಗಳಿಗೆ ಮಾತ್ರ ಅರ್ಹತೆಯೇ ಮಾನದಂಡವಾಗಬೇಕು ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಈ ಭಿನ್ನಾಭಿಪ್ರಾಯ ಬೆಳೆದು ಅದೇ ವರ್ಷದ ಕೊನೆಗೆ ಅವರು ಅಧಿಕಾರದಿಂದ ಹೊರಬಂದರು. ಸಮಿತಿಯಾದರೋ ಏಳು ವರ್ಷಗಳೊಳಗೆ ಉನ್ನತ ಹುದ್ದೆಗಳಲ್ಲಿ ಅರ್ಧದಷ್ಟಾದರೂ ಹಿಂದುಳಿದವರಿಗೆ ದೊರೆಯಬೇಕೆಂದು ಶಿಫಾರಸು ಮಾಡಿತು. ಜೊತೆಗೆ ವಿದ್ಯಾರ್ಥಿವೇತನ, ವಸತಿನಿಲಯಗಳ ಸೌಲಭ್ಯ ಹೆಚ್ಚಬೇಕೆಂದೂ ಹೇಳಿತು.

ತಾವು ನಡೆದುಬಂದ ಹಾದಿಯೇ ಎಲ್ಲರಿಗೂ ಸಾಕೆಂದು ಅವರು ನಂಬಿದಂತೆ ತೋರುತ್ತದೆ. ಆದರೆ ಅವರು ಬಡವರಾಗಿದ್ದರೂ ಅವರ ಮನೆಯಲ್ಲಿ ಅಕ್ಷರವಿತ್ತು, ಪಟ್ಟಣದಲ್ಲಿ ನೆರವಾಗುವ ಬಂಧುವಿದ್ದರು. ತಲೆಮಾರುಗಳಿಂದ ಶಾಲೆಯ ಹೊಸ್ತಿಲನ್ನೇ ತುಳಿಯಲಾಗದ ಮನೆಗಳ ಮಕ್ಕಳಿಗೆ ಆ ಎರಡೂ ಇರಲಿಲ್ಲ. ಕರ್ನಾಟಕ ಮುಂದಿನ ದಶಕಗಳಲ್ಲಿ ವಿದ್ಯಾರ್ಥಿವೇತನ ಮತ್ತು ಮೀಸಲಾತಿ ಎರಡನ್ನೂ ಜೊತೆಜೊತೆಯಾಗಿ ಕೊಂಡೊಯ್ದದ್ದು ಈ ಸತ್ಯವನ್ನು ಅರಿತೇ. ದೊಡ್ಡ ವ್ಯಕ್ತಿಗಳ ನಿಲುವನ್ನು ಒಪ್ಪದೆಯೂ ಅವರ ಕೆಲಸವನ್ನು ಗೌರವಿಸಲು ಸಾಧ್ಯ.

ಇಂದಿನ ವಿದ್ಯಾರ್ಥಿಗೆ

1955ರಲ್ಲಿ ಭಾರತರತ್ನ ಪಡೆದ ವಿಶ್ವೇಶ್ವರಯ್ಯನವರು ನೂರು ವರ್ಷಗಳ ತುಂಬು ಬಾಳ್ವೆಯ ನಂತರ 1962ರ ಏಪ್ರಿಲ್‌ನಲ್ಲಿ ನಿಧನರಾದರು. ಹುಟ್ಟಿದ ಮುದ್ದೇನಹಳ್ಳಿಯಲ್ಲೇ ಅವರ ಸಮಾಧಿಯಿದೆ. 1998ರಲ್ಲಿ ಸ್ಥಾಪನೆಯಾದ ತಾಂತ್ರಿಕ ವಿಶ್ವವಿದ್ಯಾಲಯ ಅವರ ಹೆಸರನ್ನು ಹೊತ್ತಿದೆ.

ಅವರ ಕಾಲದಲ್ಲಿ ವಿದ್ಯಾರ್ಥಿವೇತನ ಬೆರಳೆಣಿಕೆಯವರಿಗೆ ದೊರೆಯುತ್ತಿದ್ದ ಕೃಪೆ. ಈಗ ಅದು ಅರ್ಹನಾದ ಪ್ರತಿಯೊಬ್ಬ ವಿದ್ಯಾರ್ಥಿಯೂ ಕೇಳಿ ಪಡೆಯಬಹುದಾದ ಸೌಲಭ್ಯ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ, ವಸತಿಗೆಂದು ಆರಂಭದಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ನೀಡಿದ ವಿದ್ಯಾಸಿರಿ 2013ರಲ್ಲಿ ಬಂದಿತು. ರೈತರ ಮಕ್ಕಳಿಗಾಗಿ ರೈತ ವಿದ್ಯಾನಿಧಿ 2021ರಲ್ಲಿ ಆರಂಭವಾಯಿತು. ಉಣ್ಣಲು ಒಂದು ಮನೆ, ಮಲಗಲು ಒಂದು ಮನೆ ಹುಡುಕಿಕೊಂಡ ಅಂದಿನ ವಿದ್ಯಾರ್ಥಿಯ ಕಷ್ಟಕ್ಕೆ ವಿದ್ಯಾಸಿರಿಯಂಥ ಯೋಜನೆಯೇ ತಕ್ಕ ಉತ್ತರ.

ಆದರೂ ಅರ್ಜಿಯಲ್ಲಿನ ಹೆಸರಿಗೂ ಆಧಾರ್‌ನಲ್ಲಿನ ಹೆಸರಿಗೂ ಹೊಂದಿಕೆಯಾಗದೆ, ಆದಾಯ ಪ್ರಮಾಣಪತ್ರದ ಅವಧಿ ಮುಗಿದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ಹಣ ತಪ್ಪಿಸಿಕೊಳ್ಳುವ ಮಕ್ಕಳು ಇದ್ದಾರೆ. ದೂರದ ಹಳ್ಳಿಯಿಂದ ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೆ ಅಲೆಯುವ ವಿದ್ಯಾರ್ಥಿಗೆ ಒಂದು ದಿನದ ಪಾಠವೂ ಹೋಗುತ್ತದೆ, ಬಸ್ಸಿನ ಖರ್ಚೂ ಬೀಳುತ್ತದೆ. ಕಾಲೇಜು ಆರಂಭವಾಗುವ ಮೊದಲೇ ಪ್ರಮಾಣಪತ್ರಗಳನ್ನು ಸಿದ್ಧಪಡಿಸಿಟ್ಟುಕೊಳ್ಳುವುದು ವಿದ್ಯಾರ್ಥಿಗಳಿಗೆ ಕ್ಷೇಮ. ವರ್ಷ ಮುಗಿಯುವ ಮುನ್ನವೇ ಹಣ ಕೈಸೇರುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ. ಪರೀಕ್ಷೆ ಕಳೆದ ಮೇಲೆ ಬರುವ ವೇತನ ಶುಲ್ಕ ಕಟ್ಟುವ ದಿನದ ಕಷ್ಟವನ್ನು ನೀಗಲಾರದು.

ಬರದಿಂದ ಬಸವಳಿದು ಸಾಲದಲ್ಲಿ ಮುಳುಗಿದ್ದ ಸಂಸ್ಥಾನವೊಂದು 1881ರ ಸುಮಾರಿಗೆ ಒಬ್ಬ ಬಡ ಹುಡುಗನ ಓದಿಗೆ ಹಣ ಕೊಟ್ಟಿತು. ಆ ಹುಡುಗ ಏನಾಗುವನೆಂದು ಅಂದು ಯಾರಿಗೂ ತಿಳಿದಿರಲಿಲ್ಲ. ಇಂದು ಅರ್ಜಿ ಹಿಡಿದು ಸರದಿಯಲ್ಲಿ ನಿಂತ ಮಕ್ಕಳ ವಿಷಯದಲ್ಲೂ ನಮಗೆ ಅದು ತಿಳಿದಿಲ್ಲ. ತಿಳಿಯದೆಯೂ ನಂಬಿ ಕೊಡುವುದು ನಾಡಿನ ಕರ್ತವ್ಯ. ಪಡೆದದ್ದನ್ನು ಎಂದಾದರೊಂದು ದಿನ ಬೇರೊಬ್ಬರ ಓದಿಗೆ ದಾಟಿಸುವುದು ಪಡೆದವರ ಕರ್ತವ್ಯ. ವಿಶ್ವೇಶ್ವರಯ್ಯನವರನ್ನು ನೆನೆಯಲು ಇದಕ್ಕಿಂತ ಒಳ್ಳೆಯ ದಾರಿ ಇರಲಾರದು.