ಮಾನ್ಯಖೇಟದ ನೃಪತುಂಗ ಮತ್ತು ಕಿರುಪದ್ಯಗಳ ಅಕ್ಷರಗಣನೆ

ವಾಡಿಯಿಂದ ಸಿಕಂದರಾಬಾದಿಗೆ ಸಾಗುವ ರೈಲುಮಾರ್ಗದಲ್ಲಿ ಚಿತ್ತಾಪುರ, ಸೇಡಂಗಳ ನಡುವೆ ಮಳಖೇಡದ ನಿಲ್ದಾಣವಿದೆ. ಕಾಗಿಣಾ ದಂಡೆಯ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಧರ್ಮಸಹಿಷ್ಣುತೆ, ದಾನಧರ್ಮಗಳ ವಿಚಾರ ಸಾಕಷ್ಟು ಚರ್ಚಿತವಾಗಿದೆ. ಅವನ ಕಾಲದಲ್ಲಿ ಪದ್ಯದ ಅಳತೆಯನ್ನು ಕುರಿತು ನಡೆದ ಚಿಂತನೆಗೆ ಅಷ್ಟು ಗಮನ ದೊರೆತಂತಿಲ್ಲ.

ಮುಮ್ಮಡಿ ಗೋವಿಂದನ ಮಗನಾದ ಈತ 814ರ ಸುಮಾರಿಗೆ ಪಟ್ಟವೇರಿದಾಗ ಇನ್ನೂ ಬಾಲಕ. ಗುಜರಾತ ಶಾಖೆಯ ಕರ್ಕನು ರಕ್ಷಕನಾಗಿದ್ದರೂ ಸಾಮಂತರ ದಂಗೆಯಲ್ಲಿ ಸಿಂಹಾಸನ ಕೈತಪ್ಪಿತು; 821ರ ವೇಳೆಗೆ ಅದೇ ಕರ್ಕನ ನೆರವಿನಿಂದ ಮರಳಿ ದಕ್ಕಿತು. ಮುಂದೆ ಬಂಕೇಯನು ಅವನ ದಂಡನಾಯಕನಾದ. ಗಂಗರೊಡನೆ ನಡೆದ ದೀರ್ಘ ಕಲಹವು ಮಗಳು ಚಂದ್ರಬ್ಬಲಬ್ಬೆಯನ್ನು ಬೂತುಗನಿಗೆ ಕೊಟ್ಟು ವಿವಾಹ ಮಾಡುವುದರೊಂದಿಗೆ ಶಮನವಾಯಿತು.

ಇಂತಹ ಆಳ್ವಿಕೆಯ ನಡುವೆಯೇ ಕವಿರಾಜಮಾರ್ಗ ರಚಿತವಾಯಿತು. ಕೃತಿಕಾರನು ಶ್ರೀವಿಜಯನೆಂಬುದು ಇಂದು ಬಹುತೇಕ ವಿದ್ವಾಂಸರು ಒಪ್ಪಿರುವ ಮಾತು. ಅರಸನದು ಅನುಮತಿಯ ಪಾತ್ರ. ಆ ಪಾತ್ರವನ್ನು ಅಲ್ಪವೆಂದು ಎಣಿಸುವುದು ಸಾಧುವಲ್ಲ. ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸುವ ಈ ಗ್ರಂಥವು ಚತ್ತಾಣದ ಲಕ್ಷಣ ಹೇಳುವಾಗ ಕಂದ, ವೃತ್ತಗಳ ಜೊತೆಗೆ ಅಕ್ಕರ, ಚೌಪದಿ, ಗೀತಿಕೆ, ತಿವದಿಗಳನ್ನೂ ಹೆಸರಿಸುತ್ತದೆ. ತಿವದಿಯೆಂದರೆ ತ್ರಿಪದಿ. ದೇಸಿಯ ಕಿರುಪದ್ಯಗಳು ಅರಸನ ಒಪ್ಪಿಗೆ ಪಡೆದ ಶಾಸ್ತ್ರದೊಳಗೆ ಹೀಗೆ ಸ್ಥಾನ ಪಡೆದವು.

ಇಲ್ಲಿ ಎಣಿಕೆಯ ಪ್ರಶ್ನೆ ಏಳುತ್ತದೆ. ಸಂಸ್ಕೃತದ ವೃತ್ತಗಳಲ್ಲಿ ಪ್ರತಿ ಪಾದದ ಅಕ್ಷರಸಂಖ್ಯೆ ನಿಯತ: ಉತ್ಪಲಮಾಲೆಗೆ 20, ಚಂಪಕಮಾಲೆಗೆ 21. ಕಂದದಲ್ಲಿ ನಿಯತವಾಗಿರುವುದು ಅಕ್ಷರವಲ್ಲ, ನಾಲ್ಕು ಪಾದಗಳ 64 ಮಾತ್ರೆ. ತ್ರಿಪದಿ ಎರಡಕ್ಕೂ ಸೇರದು. ಅದರ 11 ಗಣಗಳಲ್ಲಿ 6 ಮತ್ತು 10ನೆಯವು ಬ್ರಹ್ಮಗಣ, ಉಳಿದವು ವಿಷ್ಣುಗಣ. ಗಣದ ಮೊದಲ ಅಂಶವು ಒಂದು ಗುರುವಾಗಿಯೋ ಎರಡು ಲಘುವಾಗಿಯೋ ಬರಬಹುದಾದ್ದರಿಂದ ಬ್ರಹ್ಮಗಣಕ್ಕೆ 2 ಅಥವಾ 3, ವಿಷ್ಣುಗಣಕ್ಕೆ 3 ಅಥವಾ 4 ಅಕ್ಷರಗಳು. ಲೆಕ್ಕ ಹಾಕಿದರೆ ಲಕ್ಷಣಬದ್ಧ ತ್ರಿಪದಿಯೊಂದು 31ರಿಂದ 42 ಅಕ್ಷರಗಳವರೆಗೆ ಹಿಗ್ಗಬಲ್ಲದು. ಹಾಡಿನಲ್ಲಿ ಬಾಳಿದ ಮಟ್ಟಿಗೆ ಈ ಸಡಿಲಿಕೆ ಸಹಜವೇ. ಅಕ್ಷರಗಳನ್ನಷ್ಟೇ ಎಣಿಸಿ ಇದನ್ನು ಕೆಟ್ಟ ಪದ್ಯವೆನ್ನುವವರು ಅಳತೆಗೋಲನ್ನೇ ತಪ್ಪಾಗಿ ಹಿಡಿದಿರುತ್ತಾರೆ.

ಅಕ್ಷರಗಣನೆಯ ಶುದ್ಧ ಗಣಿತವೂ ಈ ಅರಸನ ಕಾಲದಲ್ಲೇ ಬೆಳೆಯಿತೆಂಬುದು ಕುತೂಹಲಕರ. ನೃಪತುಂಗನನ್ನು ಆರಂಭದಲ್ಲೇ ಸ್ತುತಿಸುವ ಮಹಾವೀರಾಚಾರ್ಯನ ಗಣಿತಸಾರಸಂಗ್ರಹವು ಛಂದಸ್ಸಿನ ಪ್ರಸ್ತಾರದ ಲೆಕ್ಕವನ್ನೂ ಒಳಗೊಂಡಿದೆ. ಒಂದೊಂದು ಅಕ್ಷರವೂ ಗುರು ಅಥವಾ ಲಘು. ಆದ್ದರಿಂದ ಮೂರು ಅಕ್ಷರಗಳಿಗೆ 8 ವಿನ್ಯಾಸ, ನಾಲ್ಕಕ್ಕೆ 16. ಮಗಣದಿಂದ ನಗಣದವರೆಗಿನ ಗಣಗಳು ಎಂಟೇ ಆಗಿರುವುದಕ್ಕೆ ಕಾರಣವಿದು.

ಅವನ ಆಳ್ವಿಕೆ 878ರ ಸುಮಾರಿಗೆ ಮುಗಿದು ಮಗ ಇಮ್ಮಡಿ ಕೃಷ್ಣನು ಪಟ್ಟಕ್ಕೆ ಬಂದ. ಸಂಸ್ಕೃತದ ಪ್ರಶ್ನೋತ್ತರರತ್ನಮಾಲಿಕೆಯನ್ನು ಶಂಕರರ ಹೆಸರಿಗೂ ಹಚ್ಚುವುದುಂಟು. ಆದರೆ ಅದರ ಒಂದು ಪಾಠದ ಕೊನೆಯ ಪದ್ಯವು ವಿವೇಕದಿಂದ ರಾಜ್ಯ ತ್ಯಜಿಸಿದ ಅಮೋಘವರ್ಷನನ್ನು ಕರ್ತೃವೆನ್ನುತ್ತದೆ. ಟಿಬೆಟಿನ ಅನುವಾದವೂ ಈ ಪಕ್ಷಕ್ಕೇ ಒಲಿದಿದೆ. ಅವನದೇ ಎಂದು ಒಪ್ಪುವುದಾದರೆ, ಅರಸನು ಆರಿಸಿಕೊಂಡ ಕಿರುಪದ್ಯ ಆರ್ಯೆ. ಅಲ್ಲಿಯೂ ಎಣಿಕೆ ಮಾತ್ರೆಯದು, ಅಕ್ಷರದ್ದಲ್ಲ.